ಹತ್ತೂವರೆಯ ಹೊತ್ತು

ಬೆಂಗಳೂರಿನಲ್ಲಿ ಭಾನುವಾರದ ಬ್ರಂಚ್ ಎಂದರೆ ಈಗ ಮೊದಲು ಕಣ್ಣಿಗೆ ಬರುವುದು ದೊಡ್ಡ ಹೋಟೆಲಿನ ಉದ್ದನೆಯ ಬಫೆ ಮೇಜು. ಒಂದು ತುದಿಗೆ ಸಲಾಡು, ಇನ್ನೊಂದು ತುದಿಗೆ ಕೇಕು, ನಡುವೆ ಮುಚ್ಚಳ ಹಾಕಿದ ಸ್ಟೀಲಿನ ಪಾತ್ರೆಗಳ ಸಾಲು. ಸಾಮಾನ್ಯವಾಗಿ ಶುರುವಾಗುವುದು ಹನ್ನೆರಡೂವರೆಗೆ, ಮುಗಿಯುವುದು ಮೂರು ದಾಟಿದ ಮೇಲೆ. ಅದನ್ನು ಬ್ರಂಚ್ ಎಂದು ಕರೆಯುವುದಕ್ಕೇ ನನ್ನ ತಕರಾರಿದೆ. ಹನ್ನೆರಡೂವರೆಗೆ ತಟ್ಟೆ ಹಿಡಿದರೆ ಅದು ಮಧ್ಯಾಹ್ನದ ಊಟ. ಪದಾರ್ಥಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಹೊತ್ತು ಬದಲಾಗುವುದಿಲ್ಲ. ಈ ಊರಿನ ಬ್ರಂಚ್ ಇರುವುದು ಒಂಬತ್ತೂವರೆಗೂ ಹನ್ನೊಂದೂವರೆಗೂ ನಡುವೆ, ನಮ್ಮ ಹಳೆಯ ತಿಂಡಿ ಹೋಟೆಲುಗಳಲ್ಲಿ. ಹೆಸರು ಬೇರೆಯಾದ್ದರಿಂದ ಅದನ್ನು ನಾವು ಗುರುತಿಸುತ್ತಿಲ್ಲ, ಅಷ್ಟೆ.

ಆ ಪದದ ಹುಟ್ಟನ್ನೇ ನೋಡಿ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಭಾನುವಾರದ ಭಾರೀ ಊಟದ ವಿರುದ್ಧ ಒಂದು ಲೇಖನ ಬರೆದ. ಚರ್ಚಿನಿಂದ ಬಂದವರು ಮಾಂಸ, ಪೈಗಳ ಮುಂದೆ ಕೂತು ಹೊಟ್ಟೆ ಬಿರಿಯುವಂತೆ ತಿನ್ನುವುದೇಕೆ, ತಡವಾಗಿ ಎದ್ದು, ಚಹಾ ಕಾಫಿಯಿಂದ ಶುರುಮಾಡಿ, ಬೆಳಗಿನ ತಿನಿಸುಗಳನ್ನು ಮುಗಿಸಿ ಮೆಲ್ಲಗೆ ಗಟ್ಟಿ ಆಹಾರಕ್ಕೆ ಹೋದರಾಗದೇ ಎನ್ನುವುದು ಅವನ ವಾದ. ಬ್ರಂಚ್ ಎಂಬ ಈ ತಡವಾದ ಊಟ ಮನಸ್ಸನ್ನು ಹಗುರ ಮಾಡುತ್ತದೆ, ಮಾತಿಗೆ ಎಳೆಯುತ್ತದೆ ಎಂಬುದು ಅವನು ಕೊಟ್ಟ ಮುಖ್ಯ ಕಾರಣ. ಅಂದರೆ ಬ್ರಂಚ್ ಹುಟ್ಟಿದ್ದೇ ಭಾರೀ ಊಟದಿಂದ ಪಾರಾಗಲು. ಮೂರು ಗಂಟೆ ಕೂತು ನಲವತ್ತು ಪಾತ್ರೆಗಳ ಮುಚ್ಚಳ ತೆಗೆಯುವ ಇಂದಿನ ಬಫೆ ಅವನು ಬೇಡವೆಂದದ್ದಕ್ಕೇ ಮರಳಿ ಬಂದಿದೆ. ಬೆರಿಂಜರ್ ಮನಸ್ಸಿನಲ್ಲಿದ್ದದ್ದು ನಡುಹಗಲಿನ ಆಸುಪಾಸು, ನಿಜ. ಆದರೆ ಅದು ಅವನ ಊರಿನ ಗಡಿಯಾರ. ನಮ್ಮ ಗಡಿಯಾರ ಬೇರೆ. ಹಳೇ ಮೈಸೂರು ಸೀಮೆಯಲ್ಲಿ ಕಚೇರಿಗೆ ಹೊರಡುವವರು ಒಂಬತ್ತೂವರೆ, ಹತ್ತಕ್ಕೆ ಅನ್ನ ಹುಳಿ ಮಜ್ಜಿಗೆಯ ಪೂರ್ತಿ ಊಟ ಮುಗಿಸಿಯೇ ಹೊರಡುತ್ತಿದ್ದರು. ತಿಂಡಿಯ ಸರದಿ ಮಧ್ಯಾಹ್ನ ಮೂರರ ಮೇಲೆ. ಬೆಳಗಿನ ತಿಂಡಿ, ಒಂದು ಗಂಟೆಯ ಊಟ ಎಂಬ ವಿಂಗಡಣೆ ಬಲಿತದ್ದು ಆಮೇಲೆ. ಹಾಗಾಗಿ ಹತ್ತು ಗಂಟೆಯ ಹಸಿವು ಈ ಊರಿನ ಹೊಟ್ಟೆಗೆ ಹೊಸದಲ್ಲ. ತಿಂಡಿಗೆ ತಡ, ಊಟಕ್ಕೆ ಬೇಗ ಅನ್ನಿಸುವ ಆ ಹೊತ್ತಿಗೆ ಇಲ್ಲಿ ನೂರು ವರ್ಷದ ರೂಢಿಯ ಬೆಂಬಲವಿದೆ.

ಹೊತ್ತಿನ ಮಾತು ಹಾಗಿರಲಿ, ತಟ್ಟೆಗೆ ಬರೋಣ. ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಮಸಾಲೆ ದೋಸೆ. ಹುದುಗು ಬಂದ ಅಕ್ಕಿ ಉದ್ದಿನ ಹಿಟ್ಟು ಕಾದ ಕಾವಲಿಯ ಮೇಲೆ ಬಿದ್ದೊಡನೆ ನೀರು ಆವಿಯಾಗುತ್ತದೆ, ತಳ ಕೆಂಪಗಾಗುತ್ತದೆ, ಮೇಲ್ಭಾಗ ತೂತುಬಿದ್ದು ಮೆತ್ತಗೆ ಉಳಿಯುತ್ತದೆ. ಒಳಗೆ ಬಿಸಿ ಪಲ್ಯ ಇಟ್ಟು ಮಡಿಸಿದ ಗಳಿಗೆಯಿಂದ ಅದರ ಆಯುಸ್ಸು ಇಳಿಯತೊಡಗುತ್ತದೆ: ಪಲ್ಯದ ಹಬೆ ಒಳಗಿನಿಂದಲೇ ಗರಿಯನ್ನು ಮೆತ್ತಗೆ ಮಾಡುತ್ತದೆ. ಕಾವಲಿಯಿಂದ ಬಾಯಿಗೆ ಐದಾರು ನಿಮಿಷಕ್ಕಿಂತ ಹೆಚ್ಚು ದೂರ ಅದು ಸಹಿಸದು. ಮುಚ್ಚಳದ ಪಾತ್ರೆಯಲ್ಲಿಟ್ಟರೆ ಹಬೆ ಮತ್ತೆ ನೀರಾಗಿ ಅದರ ಮೇಲೆಯೇ ತೊಟ್ಟಿಕ್ಕುತ್ತದೆ. ಇಡ್ಲಿ ಸ್ವಲ್ಪ ತಾಳುತ್ತದೆ, ಆದರೆ ಆರಿದಂತೆ ಪಿಷ್ಟ ಬಿಗಿಯುತ್ತದೆ. ಖಾರಾಬಾತಿನ ರವೆ ತುಪ್ಪವನ್ನೆಲ್ಲ ಹೀರಿ ಮುದ್ದೆಯಾಗುತ್ತದೆ. ದೊಡ್ಡ ಹೋಟೆಲುಗಳಿಗೂ ಇದು ಗೊತ್ತು. ಆದ್ದರಿಂದಲೇ ಬಫೆಯ ಮೂಲೆಯಲ್ಲಿ ದೋಸೆಗೆ, ಆಮ್ಲೆಟ್ಟಿಗೆ ಬೇರೆಯೇ ಒಲೆ ಇಡುತ್ತಾರೆ, ಜನ ಸಾಲು ನಿಲ್ಲುವುದೂ ಅಲ್ಲಿಯೇ. ಆದರೆ ಆಗೊಮ್ಮೆ ಈಗೊಮ್ಮೆ ಒಂದು ದೋಸೆ ಬೀಳುವ ಕಾವಲಿಗೂ, ಬೆಳಗಿನ ಆರೂವರೆಯಿಂದ ಬಿಡುವಿಲ್ಲದೆ ಹೊಯ್ಸಿಕೊಂಡ ಕಾವಲಿಗೂ ಹೋಲಿಕೆಯಿಲ್ಲ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಎಣ್ಣೆ ಸವರಿ, ಮತ್ತೆ ಹೊಯ್ದು ಹತ್ತು ಗಂಟೆಯ ಹೊತ್ತಿಗೆ ಅದು ಪಳಗಿ ಒಂದೇ ಸಮನೆ ಕಾದಿರುತ್ತದೆ. ತಡವಾಗಿ ಬಂದವನ ಅದೃಷ್ಟ ಅದು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿನ ದೋಸೆ ದಪ್ಪ, ಹೊರಗೆ ಕಡುಗೆಂಪು, ಒಳಗೆ ಮೃದು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ಚಿತ್ರಗಳು, ಕೆಳಗೆ ಒಂದೇ ತೋಳಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿ. ಅದು ನೋಡುವವರಿಗಾಗಿ ನಡೆಯುವ ಪ್ರದರ್ಶನವೆಂದು ಕೆಲವರು ತಿಳಿದಿದ್ದಾರೆ. ದೋಸೆ ಆರುವ ಮೊದಲು ಮೇಜು ಮುಟ್ಟಬೇಕೆಂಬ ಒತ್ತಡದಿಂದ ಹುಟ್ಟುವ ಕೌಶಲ ಅದು. ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆ ಬೇರೆ ಜಾತಿಯದು: ಹೆಚ್ಚು ಗರಿ, ಬೆಣ್ಣೆಯ ಘಮ ಮುಂದು. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ. ನನ್ನ ಮತ ಗಾಂಧಿ ಬಜಾರಿಗೆ, ಏಕೆಂದರೆ ಅಲ್ಲಿ ಹಿಟ್ಟಿನ ಹುಳಿ ನಾಲಿಗೆಗೆ ತಿಳಿಯುತ್ತದೆ. 1924ರಲ್ಲಿ ಆರಂಭವಾದ ಎಂಟಿಆರ್ ಇರುವುದು ಲಾಲ್‌ಬಾಗ್ ರಸ್ತೆಯಲ್ಲಿ. ರವೆ ಇಡ್ಲಿ ಹುಟ್ಟಿದ್ದು ಅಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂದು ಆ ಹೋಟೆಲಿನವರೇ ಹೇಳುತ್ತ ಬಂದಿದ್ದಾರೆ. ರವೆ, ಮೊಸರು, ಒಗ್ಗರಣೆ, ಗೋಡಂಬಿ. ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಕರಗಿದ ತುಪ್ಪ. ತಿಂಡಿಗೆ ಸ್ವಲ್ಪ ಹೆಚ್ಚು, ಊಟಕ್ಕೆ ಸ್ವಲ್ಪ ಕಡಿಮೆ: ಬೆರಿಂಜರ್ ಕೇಳಿದ್ದ ತೂಕ ಸರಿಯಾಗಿ ಇಷ್ಟೇ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಮಾತ್ರ ಶನಿವಾರ ಹೋಗಬೇಕು, ಭಾನುವಾರ ರಜೆ. 1965ರಿಂದ ಇರುವ ಆ ಪುಟ್ಟ ಜಾಗದಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಬಿಟ್ಟರೆ ಹೆಚ್ಚೇನಿಲ್ಲ, ಸಾಂಬಾರು ಇಲ್ಲವೇ ಇಲ್ಲ. ಚಟ್ನಿಯ ಮೇಲೆ ಅವರಿಗೆ ಅಷ್ಟು ನಂಬಿಕೆ, ತಿಂದವರಿಗೂ.

ಇದಕ್ಕೆ ಬರುವ ಮೊದಲ ಆಕ್ಷೇಪ ವೈವಿಧ್ಯದ್ದು: ಐದು ಪದಾರ್ಥಕ್ಕಾಗಿ ನಲವತ್ತನ್ನು ಬಿಡುವುದೇಕೆ? ಒಂದು ಹೊತ್ತಿನಲ್ಲಿ ಮನುಷ್ಯ ಸವಿದು ತಿನ್ನಬಲ್ಲದ್ದು ನಾಲ್ಕೈದೇ. ಉಳಿದದ್ದು ಹಣ ವಸೂಲಾಗಬೇಕೆಂಬ ಲೆಕ್ಕದಲ್ಲಿ ಹೊಟ್ಟೆಗೆ ಹೋಗುತ್ತದೆ. ಒಂದೇ ತಟ್ಟೆಯಲ್ಲಿ ಖಾರ ಸಿಹಿ ಎರಡನ್ನೂ ಇಡುವ ಚೌಚೌಬಾತ್, ಒಂದು ಲೋಟವನ್ನು ಎರಡಾಗಿಸುವ ಬೈಟು ಕಾಫಿ, ಇವು ಹಸಿವಿನ ಅಳತೆ ತಿಳಿದ ಊರಿನ ಆವಿಷ್ಕಾರಗಳು. ಇದು ಸಸ್ಯಾಹಾರಿಗಳ ಬ್ರಂಚ್ ಆಯಿತಲ್ಲ ಎಂಬ ಮಾತು ಆ ಮೊದಲ ಆಕ್ಷೇಪಕ್ಕಿಂತ ಸರಿಯಾದದ್ದು. ಬೆಂಗಳೂರಿನ ಬೆಳಗನ್ನು ದೋಸೆಗೆ ಮಾತ್ರ ಬರೆದುಕೊಡುವುದು ಅನ್ಯಾಯ. ಇಲ್ಲಿನ ಮಿಲಿಟರಿ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆಯೇ ಕಾಲುಸೂಪು, ಕೈಮಾ, ದೊನ್ನೆ ಬಿರಿಯಾನಿ ಸಿದ್ಧ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ಎದುರು ಊಟದ ಹೊತ್ತಿಗೆ ಮುಂಚೆಯೇ ಜನ ನೆರೆದಿರುತ್ತಾರೆ, ತಡವಾಗಿ ಹೋದವರಿಗೆ ಬೇಕಾದದ್ದು ಸಿಗುವ ಖಾತ್ರಿಯಿಲ್ಲ. ಹೊತ್ತಿನ ನಿಯಮ ಮಾಂಸಕ್ಕೂ ಅದೇ: ಒಲೆಯಿಂದ ಇಳಿದ ಹಂಡೆ, ಖಾಲಿಯಾದರೆ ಮುಗಿಯಿತು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಭಾನುವಾರದ ಅಪ್ಪಂ ಮತ್ತು ಸ್ಟ್ಯೂ ಕೂಡ ಈ ಕುಲಕ್ಕೇ ಸೇರಿದ್ದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬಿಡುವಿನದು. ಬ್ರಂಚ್ ಮಾತಿಗಾಗಿ ಇರುವ ಊಟವಾದರೆ, ಕುರ್ಚಿಯ ಬೆನ್ನಿಗೇ ಇನ್ನೊಬ್ಬರು ಕಾಯುತ್ತ ನಿಂತಿರುವ ಜಾಗದಲ್ಲಿ ಮಾತು ಹೇಗೆ ಸಾಧ್ಯ? ಒಪ್ಪುತ್ತೇನೆ. ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದು, ಕಾಲು ಗಂಟೆಯಲ್ಲಿ ತಿಂದು ಏಳುವುದು ತಿಂಡಿ ಹೋಟೆಲಿನ ನಿಜವಾದ ಕೊರತೆ. ಆದರೆ ಬ್ರಂಚ್ ಒಂದೇ ಸೂರಿನಡಿ ಮುಗಿಯಬೇಕೆಂಬ ಷರತ್ತು ಎಲ್ಲಿಂದ ಬಂತು? ಈ ಊರು ಅದನ್ನು ಎರಡು ಮೂರು ನಿಲುಗಡೆಗಳಾಗಿ ಹಂಚಿಕೊಂಡಿದೆ. ಲಾಲ್‌ಬಾಗಿನಲ್ಲಿ ಬಂಡೆಯವರೆಗೆ ನಡೆದು ಎಂಟಿಆರ್‌ಗೆ ಬರುವುದು. ಗಾಂಧಿ ಬಜಾರಿನಲ್ಲಿ ಹೂವು, ಹಣ್ಣು, ಗ್ರಂದಿಗೆ ಅಂಗಡಿಗಳ ಮುಂದೆ ಕಾಯುವ ಹೊತ್ತನ್ನು ಕಳೆದು, ದೋಸೆಯ ನಂತರ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿಗೆ ಹೋಗುವುದು. ಎಲ್ಲವೂ ಒಂದೇ ಕಡೆ ಬೇಕೆನ್ನುವವರಿಗೆ ಏರ್‌ಲೈನ್ಸ್ ಹೋಟೆಲಿನ ಮರದ ನೆರಳಿದೆ. ಅಲ್ಲಿ ಎದ್ದೇಳಿ ಎಂಬ ಅವಸರ ಕಡಿಮೆ, ದೋಸೆಯೂ ಗಾಂಧಿ ಬಜಾರಿನ ಎತ್ತರಕ್ಕೆ ಏರುವುದಿಲ್ಲ. ನಾಲ್ಕು ಜನ ಹಳೆಯ ಸ್ನೇಹಿತರು ಕಲೆತ ಬೆಳಿಗ್ಗೆ ಆ ವಿನಿಮಯ ನ್ಯಾಯವಾದದ್ದೇ.

ಒಂದು ಕಡೆ ಮಾತ್ರ ನಾನು ದೊಡ್ಡ ಹೋಟೆಲಿನ ಪರ. ಮೊಣಕಾಲು ನೋವಿನ ಹಿರಿಯರು, ಗಾಲಿಕುರ್ಚಿಯಲ್ಲಿ ಬರುವವರು, ಕೈಗೂಸಿನ ತಾಯಂದಿರು ಇರುವ ಕುಟುಂಬವನ್ನು ಸಾಲಿನಲ್ಲಿ ನಿಲ್ಲಿಸುವುದು ರುಚಿಯ ಹೆಸರಿನಲ್ಲಿ ಮಾಡುವ ನಿರ್ದಯತೆ. ಹಳೆಯ ತಿಂಡಿ ಹೋಟೆಲುಗಳು ಇಂಥವರಿಗಾಗಿ ಒಂದೆರಡು ಮೇಜು ಮೀಸಲಿಟ್ಟರೆ ಅವುಗಳ ಮೇಲಿನ ನನ್ನ ಗೌರವ ಇಮ್ಮಡಿಯಾದೀತು. ಉಳಿದ ನಾವೆಲ್ಲ ಒಂಬತ್ತಕ್ಕೆ ಮನೆ ಬಿಟ್ಟರೆ ಸಾಕು. ಹಿಂದಿನ ರಾತ್ರಿಯ ಊಟ ಹಗುರವಾಗಿರಲಿ, ಬೆಳಿಗ್ಗೆ ಒಂದು ಲೋಟ ಕಾಫಿಗಿಂತ ಹೆಚ್ಚೇನೂ ಬೇಡ. ನಡುಹಗಲಾಗುತ್ತಿದ್ದಂತೆ ವಿದ್ಯಾರ್ಥಿ ಭವನದ ಬಾಗಿಲು ಎಳೆಯುತ್ತಾರೆ, ಮತ್ತೆ ಕಾವಲಿ ಕಾಯುವುದು ಮಧ್ಯಾಹ್ನದ ನಿದ್ದೆಯ ನಂತರ.