ಕೀಲಿಗೊಂಚಲಿನ ಪುಟ್ಟ ಚಾಕು

ಹಡಗಲಿ ಮಲ್ಲಿಗೆ ಮಾಲೆಯ ದಾರ, ಕೂಡ್ಲಿಗಿ ಶೇಂಗಾ ಚೀಲದ ಹೊಲಿಗೆ, ಹಗರಿಬೊಮ್ಮನಹಳ್ಳಿ ಹೊಲದ ಹನಿ ನೀರಾವರಿ ಪೈಪು, ಹರಪನಹಳ್ಳಿ ಸಂತೆಯ ಸುತಳಿ: ಇವಕ್ಕೆಲ್ಲ ಕುಡುಗೋಲು ಬೇಕಿಲ್ಲ. ಕೀಲಿಗೊಂಚಲಿಗೆ ಸಿಕ್ಕಿಸಿದ, ಎರಡಿಂಚು ಅಲಗಿನ ಮಡಚುವ ಚಾಕು ಸಾಕು.

ಕೊಟ್ಟೂರಿನ ತೇರಿನ ಜಾತ್ರೆಯಲ್ಲೋ ಪೇಟೆಯಲ್ಲೋ ಕೊಳ್ಳುವಾಗ ಮೊದಲು ಬೆನ್ನಿನ ಸ್ಪ್ರಿಂಗ್ ಪರೀಕ್ಷಿಸಿ. ತೆರೆದ ಅಲಗು ಟಕ್ಕನೆ ನಿಲ್ಲಬೇಕು. ಮಡಚಿದ್ದು ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳಬಾರದು. ರಿವೆಟ್ ಬಳಿ ಅಲುಗಾಟ ಇರಕೂಡದು. ಉಗುರು ಹಿಡಿಯುವ ಗೀರು ಆಳವಾಗಿರಲಿ. ಕಾರ್ಬನ್ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ಆದರೆ ನಿಂಬೆ ಕೊಯ್ದು ಒರೆಸದಿದ್ದರೆ ಕಲೆಗಟ್ಟುತ್ತದೆ. ಬೆವರಿನ ಜೇಬಿಗೆ ಸ್ಟೇನ್‌ಲೆಸ್ ಉಕ್ಕೇ ವಾಸಿ. ವಿಮಾನ ಹತ್ತುವ ದಿನ ಮಾತ್ರ ಮನೆಯಲ್ಲೇ ಬಿಡಿ.

ಇಷ್ಟು ಕಡಿಮೆ ಜಾಗ ಹಿಡಿದು ಇಷ್ಟು ಕೆಲಸಕ್ಕೆ ಒದಗುವ ಉಪಕರಣ ನನಗಂತೂ ಬೇರೆ ಕಂಡಿಲ್ಲ.