ಕರುಣೆಯ ಅವಸರ: ಜೇಮ್ಸ್ ವೈಟ್ ಅವರ ಅಂತರಿಕ್ಷ ಚಿಕಿತ್ಸಾಲಯ

ಪರರಿಗೆ ಒಳಿತನ್ನು ಮಾಡಬೇಕೆಂಬ ಬಯಕೆ ಮನುಷ್ಯನ ಸದ್ಗುಣಗಳಲ್ಲಿ ಮೊದಲ ಸಾಲಿನದು. ಆದರೆ ಬಯಕೆ ಇದ್ದ ಮಾತ್ರಕ್ಕೆ ಒಳಿತು ಆಗಿಯೇ ತೀರುವುದೆಂಬ ಭರವಸೆಯಿಲ್ಲ. ಯಾರಿಗೆ ಉಪಕಾರ ಮಾಡಲು ಹೊರಟಿರುತ್ತೇವೆಯೋ ಅವರ ಪ್ರಕೃತಿ, ಆಹಾರ, ಭಯ, ನಂಬಿಕೆಗಳನ್ನು ಅರಿಯದೆ ಮಾಡಿದ ಉಪಕಾರವು ಅಪಕಾರವಾಗಿ ಪರಿಣಮಿಸಿದ ನಿದರ್ಶನಗಳು ಲೋಕದಲ್ಲಿ ಹೇರಳವಾಗಿವೆ. ಎಳೆಯರ ಮನರಂಜನೆಯ ಸರಕೆಂದು ಹಿರಿಯರು ಸಾಮಾನ್ಯವಾಗಿ ಬದಿಗೊತ್ತುವ ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಈ ಗಂಭೀರವಾದ ಪ್ರಶ್ನೆಯು ವಿಸ್ತಾರವಾಗಿ ಚರ್ಚೆಗೆ ಬಂದಿದೆ ಎಂದರೆ ಹಲವು ವಾಚಕರಿಗೆ ಅಚ್ಚರಿಯಾದೀತು. ಉತ್ತರ ಐರ್ಲೆಂಡಿನ ಲೇಖಕ ಜೇಮ್ಸ್ ವೈಟ್ ಅವರ 'ಸೆಕ್ಟರ್ ಜನರಲ್' ಕಥಾಮಾಲೆಯು ಅಂತಹ ಚರ್ಚೆಗೆ ಉತ್ತಮ ಉದಾಹರಣೆಯಾಗಿದೆ.

ವೈಟ್ ಅವರು 1928ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ವೈದ್ಯರಾಗಬೇಕೆಂಬುದು ಅವರ ಎಳವೆಯ ಹಂಬಲವಾಗಿತ್ತು; ಆ ವಿದ್ಯೆಗೆ ಬೇಕಾದ ಹಣವು ಮಾತ್ರ ಒದಗಲಿಲ್ಲ. ಉಡುಪು ಹೊಲಿದು ಮಾರುವ ಸಂಸ್ಥೆಗಳಲ್ಲಿ ಬಹುಕಾಲ ದುಡಿದ ಅವರು ಅನಂತರ ಶಾರ್ಟ್ ಬ್ರದರ್ಸ್ ಎಂಬ ವಿಮಾನ ತಯಾರಿಕಾ ಸಂಸ್ಥೆಯನ್ನು ಸೇರಿದರು. ಸ್ವತಃ ಮಧುಮೇಹ ರೋಗಿಯಾಗಿದ್ದುದರಿಂದ ರೋಗಿಯ ಬದುಕು ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಈ ಮಾಲೆಯ ಮೊದಲ ಕಥೆ 1957ರ ನವೆಂಬರ್ ತಿಂಗಳ 'ನ್ಯೂ ವರ್ಲ್ಡ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 1962ರಲ್ಲಿ 'ಹಾಸ್ಪಿಟಲ್ ಸ್ಟೇಷನ್' ಎಂಬ ಮೊದಲ ಪುಸ್ತಕ ಬಂದಿತು. ಹನ್ನೆರಡನೆಯದೂ ಕೊನೆಯದೂ ಆದ 'ಡಬಲ್ ಕಾಂಟ್ಯಾಕ್ಟ್' ಅವರು ತೀರಿಕೊಂಡ 1999ರಲ್ಲಿ ಹೊರಬಂದಿತು. ಈ ಪುಸ್ತಕಗಳಲ್ಲಿ ಹಲವನ್ನು ಅವರು ಬರೆದ ಕಾಲದಲ್ಲಿ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರ ನಡುವಣ ಕಲಹದಿಂದ ಅವರ ಊರು ಬೀದಿ ಬೀದಿಯಾಗಿ ಒಡೆದುಹೋಗಿತ್ತು. ಒಂದೇ ರೂಪದ, ಒಂದೇ ನುಡಿಯ ಜನರು ನೆರೆಹೊರೆಯಲ್ಲಿ ಬಾಳಲಾರದ ಆ ದಿನಗಳಲ್ಲಿ ಕ್ಯಾಥೊಲಿಕರಾದ ವೈಟ್ ಅವರು ರೂಪವಾಗಲಿ ಉಸಿರಾಗಲಿ ಹೊಂದದ ಜೀವಿಗಳನ್ನು ಒಂದೇ ಸೂರಿನಡಿ ತಂದು ಕಥೆ ಕಟ್ಟಿದರೆಂಬುದು ಗಮನಾರ್ಹ.

ಕಥೆಯ ರಂಗಸ್ಥಳ ನಕ್ಷತ್ರಮಂಡಲದ ಅಂಚಿನಲ್ಲಿ ತೇಲುವ, 384 ಅಂತಸ್ತುಗಳ ಮಹಾ ಆಸ್ಪತ್ರೆ. ಅಲ್ಲಿ ಕ್ಲೋರಿನ್ ಅನಿಲವನ್ನು ಉಸಿರಾಡುವವರಿದ್ದಾರೆ, ನೀರಿನಲ್ಲಿ ಮಾತ್ರ ಬದುಕುವವರಿದ್ದಾರೆ, ವಿಕಿರಣವನ್ನೇ ಆಹಾರವಾಗಿ ಸೇವಿಸುವವರಿದ್ದಾರೆ, ಅತಿಶೀತದಲ್ಲಿ ಬದುಕಿ ನಮ್ಮ ಮೈಶಾಖವನ್ನೂ ತಾಳಲಾರದವರಿದ್ದಾರೆ. ಒಬ್ಬರಿಗೆ ಪ್ರಾಣವಾಯುವಾದುದು ಇನ್ನೊಬ್ಬರಿಗೆ ವಿಷ. ಈ ವೈವಿಧ್ಯವನ್ನು ಗುರುತಿಸಲು ವೈಟ್ ಅವರು ನಾಲ್ಕು ಅಕ್ಷರಗಳ ವರ್ಗೀಕರಣವೊಂದನ್ನು ರೂಪಿಸಿದ್ದಾರೆ. ದೇಹದ ವಿಕಾಸದ ಹಂತ, ಅಂಗಾಂಗಗಳ ವಿನ್ಯಾಸ, ಜೀರ್ಣಕ್ರಿಯೆ, ಬದುಕಲು ಬೇಕಾದ ಒತ್ತಡ ಮತ್ತು ಗುರುತ್ವ ಇವು ಆ ಅಕ್ಷರಗಳಲ್ಲಿ ಅಡಕವಾಗಿವೆ. ಮನುಷ್ಯನ ಸಂಕೇತ 'ಡಿಬಿಡಿಜಿ'. ಪಟ್ಟಿಯಲ್ಲಿ ಅವನಿಗೆ ಅಗ್ರಸ್ಥಾನವಿಲ್ಲ; ಹಲವರ ನಡುವೆ ಅವನೂ ಒಬ್ಬ. ತನ್ನ ಕುಲಕ್ಕೆ ಸೇರದ ಯಾರನ್ನೇ ಆಗಲಿ ಅಲ್ಲಿನವರು 'ಅದು' ಎಂದೇ ಕರೆಯುತ್ತಾರೆ. ಅನ್ಯಕುಲದವರ ಬಾಯಲ್ಲಿ ಮನುಷ್ಯ ವೈದ್ಯನೂ 'ಅದು'. ಮನುಷ್ಯನ ಅಹಂಕಾರಕ್ಕೆ ಇಷ್ಟು ಮೃದುವಾದ ಮದ್ದು ಅಪರೂಪ.

ಇಂತಹ ರೋಗಿಗೆ ವೈದ್ಯನು ಚಿಕಿತ್ಸೆ ನೀಡುವುದು ಹೇಗೆ? ಇದಕ್ಕೆ ವೈಟ್ ಅವರು ಕಲ್ಪಿಸಿದ ಉಪಾಯವೆಂದರೆ 'ಬೋಧಕ ಸುರುಳಿ'. ರೋಗಿಯ ಕುಲಕ್ಕೇ ಸೇರಿದ ಶ್ರೇಷ್ಠ ವೈದ್ಯನೊಬ್ಬನ ಸಮಸ್ತ ಸ್ಮೃತಿಯನ್ನು ಚಿಕಿತ್ಸಕನು ತನ್ನ ಮನಸ್ಸಿನೊಳಗೆ ತುಂಬಿಕೊಳ್ಳುತ್ತಾನೆ. ಆದರೆ ಶಾಸ್ತ್ರಜ್ಞಾನವನ್ನು ಮಾತ್ರ ಬೇರ್ಪಡಿಸಿ ಪಡೆಯುವಂತಿಲ್ಲ. ಆ ಪರಜೀವಿಯ ಹಸಿವು, ಹೇಸಿಗೆ, ಹಟ, ದುಃಸ್ವಪ್ನ ಎಲ್ಲವೂ ಜೊತೆಗೇ ಬರುತ್ತವೆ. ಕಥಾನಾಯಕ ಡಾ. ಕಾನ್‌ವೇ ತನ್ನ ಎಂದಿನ ಊಟವನ್ನೇ ಕಣ್ಣೆತ್ತಿ ನೋಡಲಾರದ ಪ್ರಸಂಗಗಳುಂಟು. ಅವನೊಳಗಿರುವ ಇನ್ನೊಬ್ಬನಿಗೆ ಆ ಊಟವು ಅಸಹ್ಯ. ಇಂತಹ ಹಲವು ಸ್ಮೃತಿಗಳನ್ನು ಶಾಶ್ವತವಾಗಿ ಹೊತ್ತಿರುವ 'ಡಯಾಗ್ನಾಸ್ಟಿಷಿಯನ್'ಗಳು ಆಸ್ಪತ್ರೆಯಲ್ಲಿ ಅತ್ಯಂತ ಗೌರವಾನ್ವಿತರು, ಹಾಗೆಯೇ ಅತ್ಯಂತ ದಣಿದವರು. ಇನ್ನೊಬ್ಬರ ನೋಟದಿಂದ ಲೋಕವನ್ನು ಕಾಣುವುದು ಸುಲಭದ ಔದಾರ್ಯವಲ್ಲ, ಅದಕ್ಕೆ ತನ್ನ ನೆಮ್ಮದಿಯಿಂದಲೇ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ವೈಟ್ ಅವರು ಉಪದೇಶವಿಲ್ಲದೆ ಮನಗಾಣಿಸಿದ್ದಾರೆ.

ಸತ್ಯ ಮತ್ತು ದಯೆಗಳ ನಡುವಣ ಜಟಿಲ ಸಂಬಂಧವೂ ಇಲ್ಲಿ ಪಾತ್ರರೂಪ ತಾಳಿದೆ. ಕೆಲ್ಗಿಯನ್ ಎಂಬ ಕುಲದವರ ಮೈಯ ಬೆಳ್ಳಿರೋಮಗಳು ಮನಸ್ಸಿನ ಪ್ರತಿಯೊಂದು ಭಾವಕ್ಕೂ ಅಲುಗುತ್ತವೆ. ಆದ್ದರಿಂದ ಅವರು ಸುಳ್ಳಾಡುವಂತಿಲ್ಲ, ಒರಟಾದರೂ ನಿಜವನ್ನೇ ನುಡಿಯುತ್ತಾರೆ. ಇದಕ್ಕೆ ವಿರುದ್ಧವಾಗಿ ಪ್ರಿಲಿಕ್ಲಾ ಎಂಬ ಕೀಟರೂಪಿ ವೈದ್ಯನು ಪರರ ಭಾವನೆಗಳನ್ನು ತನ್ನ ಮೈಯಲ್ಲೇ ಅನುಭವಿಸುತ್ತಾನೆ. ಎದುರಿನವರ ಸಿಟ್ಟು ಅವನಿಗೆ ನಿಜವಾದ ದೇಹಯಾತನೆ. ಆದ್ದರಿಂದ ಆತ ಎಲ್ಲರಿಗೂ ಹಿತವಾಗುವ ಮಾತನ್ನೇ ಆಡುತ್ತಾನೆ, ಕೆಲವೊಮ್ಮೆ ನಿಜವನ್ನು ತುಸು ಬದಿಗಿರಿಸಿಯೂ ಆಡುತ್ತಾನೆ. ಇದು ದಯೆಯೋ ಆತ್ಮರಕ್ಷಣೆಯೋ? ಲೇಖಕರು ತೀರ್ಪು ನೀಡುವುದಿಲ್ಲ. ಮನೆಯಲ್ಲಿಯೂ ಸಭೆಯಲ್ಲಿಯೂ ಮನಸ್ತಾಪವಾಗದಿರಲೆಂದು ಹಿತನುಡಿಯುವ ಸಜ್ಜನರು ಈ ಪ್ರಶ್ನೆಯನ್ನು ತಮ್ಮನ್ನೇ ಕೇಳಿಕೊಳ್ಳಬಹುದು.

ಆದರೆ ಇಡೀ ಮಾಲೆಯ ನೈತಿಕ ಶಿಖರವೆಂದರೆ 1992ರಲ್ಲಿ ಪ್ರಕಟವಾದ 'ದಿ ಜೆನೊಸೈಡಲ್ ಹೀಲರ್'. 'ಕುಲನಾಶಕ ವೈದ್ಯ' ಎಂದು ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಬಹುದು. ಲಿಯೊರೆನ್ ಎಂಬ ವೈದ್ಯಾಧಿಕಾರಿ ಕ್ರಾಮ್ಸಾಗ್ ಎಂಬ ಗ್ರಹಕ್ಕೆ ಹೋಗುತ್ತಾನೆ. ಅಲ್ಲಿಯ ಜನರೆಲ್ಲ ರೋಗಪೀಡಿತರು; ಆದರೂ ಪರಸ್ಪರ ಕಾದಾಡುತ್ತಲೇ ಇರುತ್ತಾರೆ. ಆತ ಸಮರ್ಥ, ಕರ್ತವ್ಯನಿಷ್ಠ, ಅವರ ಸಂಕಟ ಕಂಡು ಮರುಗಿದವನು. ಆಸ್ಪತ್ರೆಯ ಸಂಶೋಧನೆ ಪೂರ್ಣಗೊಳ್ಳುವವರೆಗೆ ಕಾಯಲಾರದೆ ಔಷಧವನ್ನು ಎಲ್ಲರಿಗೂ ಕೊಡಿಸಿಬಿಡುತ್ತಾನೆ. ಔಷಧವೇನೋ ಫಲಿಸುತ್ತದೆ. ಆದರೆ ಆ ಕುಲದಲ್ಲಿ ರೋಗ, ಕಾದಾಟ ಮತ್ತು ಸಂತಾನಶಕ್ತಿಗಳ ನಡುವೆ ಒಂದು ನಿಗೂಢ ನಂಟಿತ್ತು. ತಲೆಮಾರುಗಳಿಂದ ರೋಗದಿಂದ ಕುಂದಿದ ಸಂತಾನಶಕ್ತಿಯು ಕಾದಾಟದ ಉದ್ವೇಗದಿಂದಲೇ ಜಾಗೃತಗೊಳ್ಳುತ್ತಿತ್ತು. ದುರ್ಬಲರಾಗಿದ್ದಾಗ ಮಿತಿಯಲ್ಲಿದ್ದ ಆ ಕಾದಾಟವು ಬಲ ಮರಳಿದಾಗ ಮಾರಣಹೋಮವಾಗಿ ಪರಿಣಮಿಸುತ್ತದೆ. ಒಂದು ಕುಲವೇ ಬಹುತೇಕ ನಾಶವಾಗಿ ಕೆಲವರು ಮಾತ್ರ ಉಳಿಯುತ್ತಾರೆ.

ಲಿಯೊರೆನ್‌ನಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ. ಹಾಗಾದರೆ ಆತ ನಿರಪರಾಧಿಯೇ? ಪ್ರಾಣಹಾನಿಯ ವಿಚಾರದಲ್ಲಿ ಸಂಕಲ್ಪವನ್ನಷ್ಟೇ ಅಲ್ಲದೆ ಪ್ರಮಾದವನ್ನೂ, ಎಂದರೆ ಎಚ್ಚರತಪ್ಪಿದ ನಡೆಯನ್ನೂ, ಗಣನೆಗೆ ತೆಗೆದುಕೊಳ್ಳಬೇಕೆಂಬುದು ಜೈನ ಆಚಾರ್ಯರ ಬೋಧನೆಯನ್ನು ಬಲ್ಲ ವಾಚಕರಿಗೆ ಹೊಸದಲ್ಲ. ಬೇರೊಂದು ನಂಬಿಕೆಯ ನೆಲದಲ್ಲಿ ಬೆಳೆದ ವೈಟ್ ಅವರು ತಮ್ಮದೇ ದಾರಿಯಲ್ಲಿ ಅದೇ ಪ್ರಶ್ನೆಯ ಬಳಿಗೆ ಬಂದಿದ್ದಾರೆ. ಲಿಯೊರೆನ್‌ನ ತಪ್ಪು ಕ್ರೌರ್ಯವಲ್ಲ, ಅವಸರ. ಆ ಅವಸರದ ಬೇರಿನಲ್ಲಿ ತನ್ನ ಸಾಮರ್ಥ್ಯದ ಬಗ್ಗೆ ಆತನಿಗಿದ್ದ ಹೆಮ್ಮೆಯೂ ಸೇರಿತ್ತು ಎಂಬುದನ್ನು ಕಾದಂಬರಿ ಮೆಲ್ಲಮೆಲ್ಲನೆ ತೋರಿಸುತ್ತದೆ.

ಆತ ನ್ಯಾಯಮಂಡಲಿಯ ಮುಂದೆ ತನಗೆ ಮರಣದಂಡನೆಯನ್ನೇ ಬೇಡುತ್ತಾನೆ. ಅದು ದೊರೆಯುವುದಿಲ್ಲ. ಪದವಿಯನ್ನು ಕಳೆದುಕೊಂಡು, ಮುಖ್ಯ ಮನಶ್ಶಾಸ್ತ್ರಜ್ಞ ಓ'ಮಾರಾ ಅವರ ವಶದಲ್ಲಿ ಸಾಮಾನ್ಯ ನೌಕರನಂತೆ ಆಸ್ಪತ್ರೆಯಲ್ಲಿ ದುಡಿಯಬೇಕಾಗುತ್ತದೆ. ಈ ತೀರ್ಪಿನಲ್ಲಿ ಕಾದಂಬರಿಯ ವಿವೇಕವಿದೆ. ಮರಣದಿಂದ ಅಪರಾಧಿಯ ನೋವು ಮುಗಿಯುತ್ತದೆಯೇ ಹೊರತು ಸಾಲ ತೀರುವುದಿಲ್ಲ. ಪ್ರಾಯಶ್ಚಿತ್ತವು ಬದುಕಿದ್ದು ಸಲ್ಲಿಸಬೇಕಾದ ಸೇವೆ. ಮರಣಶಯ್ಯೆಯಲ್ಲಿ ಅಂಜಿ ಮಲಗಿದ ಹಿರಿಯ ವೈದ್ಯ ಮ್ಯಾನನ್ ಅವರ ಬಳಿ ಲಿಯೊರೆನ್ ಕುಳಿತುಕೊಳ್ಳುತ್ತಾನೆ. ಯಾವ ವೈದ್ಯನೊಡನೆಯೂ ಮಾತನಾಡದ ಬೃಹದ್ದೇಹಿ ರೋಗಿ ಹೆಲ್ಲಿಶೋಮರ್ ಇವನೊಡನೆ ಮಾತ್ರ ಮನಸ್ಸು ತೆರೆಯುತ್ತಾನೆ. ಏಕೆಂದರೆ ಲಿಯೊರೆನ್ ಮೊದಲು ತನ್ನ ಅಪರಾಧವನ್ನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿರುತ್ತಾನೆ. ಕೇಳಿದ ಗುಟ್ಟನ್ನು ಮೇಲಧಿಕಾರಿಗಳು ಒತ್ತಾಯಿಸಿದರೂ ಆತ ಹೊರಗೆಡಹುವುದಿಲ್ಲ. ಔಷಧ ಕೊಡಲು ಅವಸರಪಟ್ಟವನು ಈಗ ಕೇಳಿಸಿಕೊಳ್ಳಲು ಕಲಿತಿದ್ದಾನೆ. ಮುಂದಿನ ಪುಸ್ತಕಗಳಲ್ಲಿ ಆತ ನಾನಾ ಲೋಕಗಳ ಧರ್ಮಗಳನ್ನು ಅಭ್ಯಸಿಸಿ, ಎಲ್ಲ ಕುಲದ ರೋಗಿಗಳಿಗೂ ಸಾಂತ್ವನ ನೀಡುವ ಧರ್ಮಬಂಧುವಾಗಿ ಕಾಣಿಸಿಕೊಳ್ಳುತ್ತಾನೆ.

ಇದೇ ಪಾಠದ ಇನ್ನೊಂದು, ನಗೆ ಬೆರೆತ ರೂಪವನ್ನು 1996ರ 'ದಿ ಗ್ಯಾಲಾಕ್ಟಿಕ್ ಗೂರ್ಮೆ' ಕಾದಂಬರಿಯಲ್ಲಿ ಕಾಣಬಹುದು. ಅದರ ನಾಯಕ ಗುರ್ರೊನ್ಸೆವಾಸ್ ವೈದ್ಯನಲ್ಲ, ಆಸ್ಪತ್ರೆಯ ಅಡುಗೆಯನ್ನು ಸುಧಾರಿಸಲು ಬಂದ ಪಾಕಪ್ರವೀಣ. ವೆಮಾರ್ ಗ್ರಹದ ಜನರು ಬೇಟೆ ಸಿಗದೆ ಹಸಿವಿನಿಂದ ಸಾಯುತ್ತಿದ್ದರೂ ಪ್ರಾಯದವರು ಮಾಂಸವನ್ನೇ ತಿನ್ನಬೇಕೆಂಬ ಹಟದಲ್ಲಿರುತ್ತಾರೆ; ಸಸ್ಯಾಹಾರವು ಮಕ್ಕಳಿಗೆ ತಕ್ಕದ್ದೆಂಬುದು ಅವರ ತಿಳಿವಳಿಕೆ. ಗುರ್ರೊನ್ಸೆವಾಸ್ ಅವರನ್ನು ನಿಂದಿಸುವುದಿಲ್ಲ, ಉಪನ್ಯಾಸ ಕೊಡುವುದಿಲ್ಲ. ಅವರ ಅಡುಗೆಮನೆಗೆ ಹೋಗಿ, ಅವರ ನೆಲದ ಗಿಡಮೂಲಿಕೆಗಳನ್ನೇ ತಿಳಿದುಕೊಂಡು, ಮಾನ ಕಳೆಯದಂತೆ ಅವರ ನಾಲಿಗೆಯನ್ನು ಒಲಿಸಿಕೊಳ್ಳುತ್ತಾನೆ. ಶಾಕಾಹಾರದ ಪ್ರಚಾರಕ್ಕೆ ತೊಡಗಿದ ಸಂಸ್ಥೆಗಳು ಈ ಪ್ರಸಂಗವನ್ನು ಓದಿದರೆ ನಷ್ಟವಾಗಲಾರದು.

ಗುಣಗಳನ್ನು ಹೇಳಿದ ಮೇಲೆ ಕೊರತೆಗಳನ್ನು ಮರೆಮಾಚುವುದು ವಿಮರ್ಶಾಧರ್ಮವಲ್ಲ. ಆರಂಭದ ಪುಸ್ತಕಗಳಲ್ಲಿ ಬೋಧಕ ಸುರುಳಿಯ ಭಾರವನ್ನು ಸ್ತ್ರೀಯರ ಮನಸ್ಸು ತಾಳಲಾರದೆಂಬ ಕಟ್ಟುಪಾಡು ಬರುತ್ತದೆ. ಕ್ಲೋರಿನ್ ಉಸಿರಾಡುವವನನ್ನು ಸಮಾನನೆಂದು ಕಾಣಬಲ್ಲ ಲೇಖಕರಿಗೆ ತಮ್ಮ ಕುಲದ ಅರ್ಧಭಾಗವು ಸಮಾನವಾಗಿ ಕಾಣಿಸಲಿಲ್ಲವೆಂಬುದು ಖೇದಕರ. ಎರಡನೆಯದಾಗಿ, ಇಷ್ಟು ದೊಡ್ಡ ಆಸ್ಪತ್ರೆಯ ವೆಚ್ಚವು ಕಥೆಗಳಲ್ಲಿ ಯಾರನ್ನೂ ಬಹುಮಟ್ಟಿಗೆ ಕಾಡುವುದಿಲ್ಲ. ಹಣವಿಲ್ಲದೆ ವೈದ್ಯವಿದ್ಯೆಯಿಂದ ವಂಚಿತರಾದವರೇ ಈ ಪ್ರಶ್ನೆಯನ್ನು ಬಿಟ್ಟುಬಿಟ್ಟರು. ಸೀಮಿತ ನಿಧಿಯಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂಬ ಕಠಿಣ ಆಯ್ಕೆ ಎದುರಾಗಿದ್ದರೆ ಕರುಣೆಯ ಪರೀಕ್ಷೆ ಇನ್ನೂ ನಿಜವಾಗುತ್ತಿತ್ತು. ಪಾತ್ರಗಳಲ್ಲಿ ಸಂಪೂರ್ಣ ದುಷ್ಟರೆಂಬವರು ವಿರಳವಾದುದರಿಂದ ಕಥೆ ಸಪ್ಪೆಯಾಯಿತೆಂದು ಕೆಲವರು ಹೇಳಬಹುದು. ಆದರೆ ಅದನ್ನು ದೋಷವೆಂದು ಒಪ್ಪುವುದು ಕಷ್ಟ. 1963ರ 'ಸ್ಟಾರ್ ಸರ್ಜನ್'ನಲ್ಲಿ ಆಸ್ಪತ್ರೆಯ ಮೇಲೆ ದಾಳಿ ನಡೆದಾಗಲೂ ವೈದ್ಯರು ಶತ್ರುಪಕ್ಷದ ಗಾಯಾಳುಗಳನ್ನು ತಮ್ಮವರ ಪಕ್ಕದ ಹಾಸಿಗೆಯಲ್ಲೇ ಮಲಗಿಸಿ ಉಪಚರಿಸುತ್ತಾರೆ. ಸಂಘರ್ಷವಿಲ್ಲದ ಕಥೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಧರ್ಮಾರ್ಥ ಚಿಕಿತ್ಸಾಲಯ, ವಿದ್ಯಾರ್ಥಿನಿಲಯ, ಅನ್ನದಾನಗಳನ್ನು ನಡೆಸುವವರಿಗೆ ಈ ಅಂತರಿಕ್ಷದ ಕಥೆಗಳು ತೀರ ದೂರದವಲ್ಲ. ಕೊಡುವವನ ಸಂತೋಷಕ್ಕಾಗಿ ಕೊಟ್ಟದ್ದು ಒಂದು ಬಗೆ; ಪಡೆಯುವವನ ಅಗತ್ಯವನ್ನು ವಿಚಾರಿಸಿ ಕೊಟ್ಟದ್ದು ಇನ್ನೊಂದು ಬಗೆ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರೆಯಲ್ಪಡುತ್ತವೆ. ಲಿಯೊರೆನ್ ಕೂಡ ತನ್ನ ಔಷಧವನ್ನು ದಾನದ ಸಾಲಿನಲ್ಲೇ ಬರೆದುಕೊಂಡಿದ್ದನು. ನೆರವಿಗೆ ಕೈಚಾಚುವ ಮೊದಲು ಎದುರಿನ ಜೀವದ ಮಾತನ್ನು ಪೂರ್ತಿಯಾಗಿ ಕೇಳುವ ತಾಳ್ಮೆಯೂ ದಯೆಯ ಒಂದು ಅಂಗವೆಂದು ತಿಳಿಸಿಕೊಟ್ಟದ್ದೇ ಜೇಮ್ಸ್ ವೈಟ್ ಅವರ ಕೃತಿಶ್ರೇಣಿಯ ಸಾರ್ಥಕತೆ.