ಮುಂಗಾರು ಹಿಂಗಾರು ಮಳೆ: ಕಲ್ಯಾಣ ಸೀಮೆಯಲ್ಲಿ ಒಂದು ಬೈಬಲ್ ನುಡಿಗಟ್ಟಿನ ಅರ್ಥವಿವೇಚನೆ

ಮಳೆಯನ್ನು ದೈವಕೃಪೆಯೆಂದು ಭಾವಿಸದ ಕೃಷಿ ಸಮಾಜವಿಲ್ಲ. ಆದರೆ ಯಾವ ಮಳೆ, ಯಾವ ಬೆಳೆಗೆ, ಯಾರ ಪಾಲಿಗೆ ಕೃಪೆ ಎಂದು ಕೇಳಿದೊಡನೆ ಈ ಭಾವನೆಯ ಸರಳತೆ ಮರೆಯಾಗುತ್ತದೆ. ಕನ್ನಡ ಸತ್ಯವೇದದಲ್ಲಿ ಬರುವ ‘ಮುಂಗಾರು ಹಿಂಗಾರು ಮಳೆ’ ಎಂಬ ನುಡಿಗಟ್ಟು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಪರಿಸರದಲ್ಲಿ ಯಾವ ಅರ್ಥಗಳನ್ನು ಪಡೆಯಬಲ್ಲದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ಪೂರ್ಣ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಮುದ್ರಣಗೊಂಡಿತು. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಸೀಮೆಗೆ ಅಮೆರಿಕದ ಮೆಥೋಡಿಸ್ಟ್ ಮಿಷನ್ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾಲಿಟ್ಟಿತು. ಇಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದವರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳವರು. ಅನ್ಯರ ಹೊಲಗಳಲ್ಲಿ ದುಡಿದು ಬದುಕುತ್ತಿದ್ದವರು. ಮುಂದಿನ ಚರ್ಚೆಗೆ ಈ ಸಂಗತಿ ಮುಖ್ಯವಾದುದು.

ಧರ್ಮೋಪದೇಶಕಾಂಡದ 11ನೆಯ ಅಧ್ಯಾಯ, ಯೋವೇಲನ ಪ್ರವಾದನೆ ಹಾಗೂ ಯಾಕೋಬನ ಪತ್ರಿಕೆಗಳಲ್ಲಿ ಎರಡು ಮಳೆಗಳ ಪ್ರಸ್ತಾಪವಿದೆ. ಪ್ಯಾಲೆಸ್ತೀನಿನಲ್ಲಿ ಮೊದಲ ಮಳೆ ಅಕ್ಟೋಬರ್–ನವೆಂಬರಿನಲ್ಲಿ ಬಿದ್ದು ಬಿತ್ತನೆಗೆ ನೆಲವನ್ನು ಹದಗೊಳಿಸುತ್ತದೆ. ಕಡೆಯ ಮಳೆ ಮಾರ್ಚ್–ಏಪ್ರಿಲಿನಲ್ಲಿ ಬಿದ್ದು ತೆನೆಯನ್ನು ತುಂಬಿಸುತ್ತದೆ. ಎರಡೂ ಒಂದೇ ಬೆಳೆಯ ಮಳೆಗಳು. ಅನುವಾದಕರು ಇವುಗಳಿಗೆ ಕನ್ನಡ ರೈತನ ಎರಡು ಋತುಗಳ ಹೆಸರನ್ನಿಟ್ಟರು. ಹೀಗೆ ಮಾಡಿದಾಗ ಪಂಚಾಂಗವೇ ಬದಲಾಯಿತು. ಬೈಬಲ್ಲಿನ ಮುಂಗಾರು ನಮ್ಮ ಹಿಂಗಾರಿನ ತಿಂಗಳುಗಳಲ್ಲಿ ಬೀಳುತ್ತದೆ. ಅಲ್ಲಿನ ಹಿಂಗಾರು ಬೀಳುವ ಫಾಲ್ಗುಣ–ಚೈತ್ರಗಳಲ್ಲಿ ಕಲ್ಯಾಣ ಸೀಮೆಗೆ ಮಳೆ ಬಂದರೆ ಅದು ಕೃಪೆಯಲ್ಲ, ಕೇಡು. ಕಣದಲ್ಲಿರುವ ಜೋಳ ಕಪ್ಪಾಗುತ್ತದೆ, ಮಾವಿನ ಹೀಚು ಉದುರುತ್ತದೆ. 2014ರ ಮಾರ್ಚ್ ತಿಂಗಳ ಆಲಿಕಲ್ಲು ಮಳೆಯಲ್ಲಿ ಉತ್ತರ ಕರ್ನಾಟಕ ಕಂಡದ್ದು ಇದನ್ನೇ.

ಇದನ್ನು ಅನುವಾದದ ದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಜಾನಪದ ದೃಷ್ಟಿಯಿಂದ ನೋಡಿದರೆ ಇಲ್ಲಿ ಅರ್ಥದ ನಷ್ಟಕ್ಕಿಂತ ಮರುಹುಟ್ಟು ಹೆಚ್ಚು. ಬೀದರ ಭಾಗದಲ್ಲಿ ಹೆಸರು, ಉದ್ದು ಮುಂಗಾರಿನ ಬೆಳೆಗಳು. ಬಿಳಿಜೋಳ, ಕಡಲೆ ಹಿಂಗಾರಿನವು. ಎರಡೂ ಮಳೆಗಳನ್ನು ಬೇಡುವ ಬೆಳೆ ತೊಗರಿ. ಮಿರಗ, ಆರಿದ್ರಾ ಮಳೆಗಳಿಗೆ ಬಿತ್ತಿದ ತೊಗರಿ ಹಸ್ತ, ಚಿತ್ತಾ ಮಳೆಗಳ ತೇವ ಹೀರಿ ಹೂವಾಗಿ, ಎಳ್ಳಮಾವಾಸ್ಯೆಯ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಹಿಂಗಾರು ಕೈಕೊಟ್ಟರೆ ಗಿಡ ನಿಂತಿದ್ದರೂ ಕಾಯಿ ಜೊಳ್ಳು. ಎರಡು ಮಳೆಗಳ ನಡುವೆ ತಾಳ್ಮೆಯಿಂದ ಕಾಯುವ ಯಾಕೋಬನ ರೈತನನ್ನು ಈ ಸೀಮೆಯ ಓದುಗನು ಗುರುತಿಸಬಲ್ಲದ್ದು ತೊಗರಿಯ ಹೊಲದಲ್ಲಿಯೇ. ಮೂಲದಲ್ಲಿಲ್ಲದ ಬೆಳೆಯೊಂದು ಮೂಲದ ಭಾವಕ್ಕೆ ಹೀಗೆ ಆಸರೆಯಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ನೂರು ದಿನಗಳ ಸೋಯಾ ಇಲ್ಲಿ ವ್ಯಾಪಕವಾಗಿ ಹರಡಿರುವುದರಿಂದ ಈ ಪ್ರತೀಕದ ನೆಲವೂ ಕಿರಿದಾಗುತ್ತಿದೆ.

ಕ್ರೈಸ್ತ ಮಳೆಯ ಕಲ್ಪನೆಯನ್ನು ಸ್ಥಳೀಯ ಮಳೆ ಆಚರಣೆಗಳ ಮುಂದುವರಿಕೆಯೆಂದು ವಿವರಿಸುವ ಪ್ರವೃತ್ತಿಯೊಂದಿದೆ. ಗುರ್ಜಿಯನ್ನು ಹೊತ್ತು ಮನೆಮನೆಗೆ ತಿರುಗಿ ನೀರು ಸುರಿಸಿಕೊಳ್ಳುವ ಆಚರಣೆ, ಸತ್ತು ಮಳೆ ತರುವ ಜೋಕುಮಾರ ಇವುಗಳನ್ನು ಕ್ರಿಸ್ತನ ಕಥನದೊಡನೆ ಹೋಲಿಸಲು ಮನಸ್ಸು ಹಾತೊರೆಯುವುದು ಸಹಜ. ಆದರೆ ಜೋಕುಮಾರನ ಸಾವು ಪ್ರತಿ ಭಾದ್ರಪದದಲ್ಲಿ ಮರುಕಳಿಸುವ ಋತುಚಕ್ರದ ಅಂಗ. ಕ್ರಿಸ್ತನ ಮರಣವನ್ನು ಕ್ರೈಸ್ತರು ಒಮ್ಮೆ ಮಾತ್ರ ನಡೆದುದೆಂದು ನಂಬುತ್ತಾರೆ. ಈ ವ್ಯತ್ಯಾಸವನ್ನು ಅಳಿಸುವ ಹೋಲಿಕೆ ಎರಡೂ ಪರಂಪರೆಗಳಿಗೆ ಅನ್ಯಾಯ ಮಾಡುತ್ತದೆ. ಎಲ್ಲವನ್ನೂ ಮಿಷನರಿಗಳ ಹೇರಿಕೆಯೆಂದು ಬಗೆಯುವ ಇನ್ನೊಂದು ನಿಲುವು ತೊಗರಿಯ ಸಾಕ್ಷ್ಯದೆದುರು ನಿಲ್ಲಲಾರದು.

ಇನ್ನು ಹೆಚ್ಚು ತೊಡಕಿನ ಪ್ರಶ್ನೆ ಬರಗಾಲದ್ದು. ಧರ್ಮೋಪದೇಶಕಾಂಡದಲ್ಲಿ ಮಳೆಗೆ ಷರತ್ತಿದೆ: ವಿಧೇಯತೆಗೆ ಮಳೆ, ಅವಿಧೇಯತೆಗೆ ಮುಚ್ಚಿದ ಆಕಾಶ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಅದೇ ಮಳೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಸಮನಾಗಿ ಸುರಿಯುತ್ತದೆ. 1972ರಲ್ಲಿ ದಖ್ಖನ್ ಬರದಿಂದ ಬೆಂದಾಗ ಮೊದಲು ಹಸಿದವರು ಹೊಲವಿಲ್ಲದವರು. ಮಳೆ ಹೋದರೆ ಹೊಲದ ಒಡೆಯನಿಗೆ ಬೆಳೆ ಹೋಗುತ್ತದೆ. ಕೂಲಿಯವನಿಗೆ ಅಂದಿನ ರೊಟ್ಟಿಯೇ ಹೋಗುತ್ತದೆ. ಬರವನ್ನು ಪಾಪದ ಫಲವೆಂದು ಓದಿದರೆ ಶಿಕ್ಷೆಯ ಹೆಚ್ಚಿನ ಭಾರ ಅತ್ಯಂತ ನಿರ್ಬಲನ ಹೆಗಲಿಗೇ ಬೀಳುತ್ತದೆ.

ಯಾಕೋಬನ ರೈತನು ಕಾಯುವುದು ತನ್ನ ಫಲಕ್ಕಾಗಿ. ಹಾಗಾದರೆ ಫಲದಲ್ಲಿ ಹಕ್ಕಿಲ್ಲದವನಿಗೆ ತಾಳ್ಮೆಯ ಉಪದೇಶ ಏನು ಹೇಳುತ್ತದೆ? ಉತ್ತರ ಅದೇ ಅಧ್ಯಾಯದಲ್ಲಿದೆ. 7ನೆಯ ವಚನದ ಮಳೆಗೆ ಮೂರೇ ವಚನಗಳ ಹಿಂದೆ, ಬೆಳೆ ಕೊಯ್ದ ಆಳುಗಳಿಂದ ಧನಿಕರು ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತಿದೆಯೆಂದೂ ಆ ಕೂಗು ದೇವರ ಕಿವಿಗೆ ಮುಟ್ಟಿದೆಯೆಂದೂ ಪತ್ರಿಕೆ ಎಚ್ಚರಿಸುತ್ತದೆ. ಮಳೆಯ ಸಾಲನ್ನು ಕೂಲಿಯ ಸಾಲಿನಿಂದ ಬಿಡಿಸಿ ಓದಿದಾಗ ತಾಳ್ಮೆ ದೈನ್ಯವಾಗುತ್ತದೆ. ಕೂಡಿಸಿ ಓದಿದಾಗ ನ್ಯಾಯದ ನಿರೀಕ್ಷೆಯಾಗುತ್ತದೆ.

ಬೈಬಲ್ಲಿನ ಸಾಲಿಗೂ ಶರಣರ ನುಡಿಗೂ ಕನ್ನಡದಲ್ಲಿ ‘ವಚನ’ವೆಂಬ ಒಂದೇ ಹೆಸರಿರುವುದು ಆಕಸ್ಮಿಕವಿರಬಹುದು. ಆದರೆ ಫಲದ ಹಂಚಿಕೆಯ ಪ್ರಶ್ನೆ ಕಲ್ಯಾಣಕ್ಕೆ ಹೊಸತಲ್ಲ. 12ನೆಯ ಶತಮಾನದಲ್ಲಿ ಇಲ್ಲಿ ಬಿದ್ದ ಅಕ್ಕಿಯನ್ನು ಆಯುವುದನ್ನೇ ಕಾಯಕವಾಗಿಸಿಕೊಂಡ ಮಾರಯ್ಯ, ಅಗತ್ಯಕ್ಕಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳೆಂಬುದು ಪ್ರಸಿದ್ಧ ಕಥನ. ಬೋವಜನ ಹೊಲದಲ್ಲಿ ಹಕ್ಕಲಾಯ್ದ ರೂತಳಿಗೆ ಯಾಜಕಕಾಂಡದ ವಿಧಿ ಆಧಾರವಾಗಿತ್ತು: ಹೊಲದ ಅಂಚನ್ನೂ ಉದುರಿದ ತೆನೆಯನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕು. ಒಂದು ಕಡೆ ಆಯುವವಳ ನಿರ್ಲೋಭ, ಇನ್ನೊಂದು ಕಡೆ ಆಯುವವಳ ಹಕ್ಕು. ಇವು ಒಂದೇ ಅಲ್ಲ. ಆದರೂ ಸುಗ್ಗಿಯನ್ನು ಒಡೆಯನ ಕಣ್ಣಿನಿಂದ ಮಾತ್ರ ನೋಡದಿರುವ ವಿವೇಕ ಎರಡರಲ್ಲೂ ಇದೆ.

ಒಟ್ಟಿನಲ್ಲಿ ‘ಮುಂಗಾರು ಹಿಂಗಾರು ಮಳೆ’ಯ ಕ್ರೈಸ್ತ ಅರ್ಥವು ಗ್ರಂಥದಿಂದ ಸಿದ್ಧರೂಪದಲ್ಲಿ ಇಳಿದು ಬಂದುದಲ್ಲ, ನೆಲದಿಂದ ತಾನಾಗಿ ಚಿಗುರಿದುದೂ ಅಲ್ಲ. ಅನುವಾದದ ಒಂದು ಪದ, ತೊಗರಿಯ ಆರು ತಿಂಗಳು, ಕೂಲಿಯವನ ಹಸಿವು ಇವು ಮೂರೂ ಕೂಡಿದಲ್ಲಿ ಅದು ರೂಪುಗೊಳ್ಳುತ್ತದೆ. ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನವು ಚರ್ಚಿನ ಆವರಣದಿಂದ ಹೊಲದ ಬದುವಿಗೂ ಬರಬೇಕಾದ ಅಗತ್ಯವನ್ನು ಈ ಒಂದು ನುಡಿಗಟ್ಟೇ ಮನಗಾಣಿಸುತ್ತದೆ.